ನಲ್ಲಿಗೆ ಕೊಟ್ಟ ಅರ್ತು

"ಹಲೋ… ಯಾರು ಮಾತಾಡ್ತಿರೋದು? … ಹಲೋ, ಯಾರು ಅಂದೆ… ಸರಿಯಾಗಿ ಕೇಳಿಸ್ತಿಲ್ಲ, ಸ್ವಲ್ಪ ಜೋರಾಗಿ ಹೇಳಿ…"

ನಾಗಶ್ರೀಯ ಹತ್ತು ಬೆರಳಿಗೂ ಬೂದುಬಣ್ಣದ ಪೇಸ್ಟು ಮೆತ್ತಿಕೊಂಡಿತ್ತು. ಕಂಪ್ಯೂಟರಿನ ಪ್ರೊಸೆಸರ್ ಬಿಸಿಯಾಗದಿರಲಿ ಎಂದು ಹಚ್ಚುವ ಪೇಸ್ಟು ಅದು, ಒಮ್ಮೆ ಅಂಟಿದರೆ ಸಾಬೂನಿಗೂ ಬಗ್ಗುವುದಿಲ್ಲ. ಹಾಗಾಗಿ ಮೇಜಿನ ಮೇಲೆ ಹೊಡೆದುಕೊಳ್ಳುತ್ತಿದ್ದ ಫೋನಿನಲ್ಲಿ ಯಾರ ಹೆಸರಿದೆ ಎಂದೂ ನೋಡದೆ, ಮೊಣಕೈಯಿಂದ ಒತ್ತಿ, ಸ್ಪೀಕರಿಗೆ ಹಾಕಿದ್ದಳು. ಭಾನುವಾರ ಬೆಳಿಗ್ಗೆ ಹತ್ತೂವರೆ. ಮಂಡ್ಯದ ಆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು.

"ಓ, ಅಣ್ಣ, ನೀನಾ. … ಇಲ್ಲ ಕಣಣ್ಣ, ಕೈಗೆಲ್ಲ ಪೇಸ್ಟು ಮೆತ್ಕಂಡದೆ, ಯಾರು ಅಂತ ನೋಡ್ನೇ ಇಲ್ಲ. … ಹಾಂ, ಈಗ ಕೇಳ್ತದೆ. ಮನೆ ಒಳಗಿಂದ್ಲೇ ಮಾತಾಡ್ತಿದ್ದೀಯಾ? ವೈಫೈನಲ್ಲಾ? … ಅಂಗಾರೆ ಕರೆಂಟು ಓಗಕ್ಕೆ ಮುಂಚೆ ವಿಸ್ಯ ಏಳ್ಬುಡು."

ಆ ಕರೆ ಹನ್ನೊಂದು ನಿಮಿಷ ನಡೆಯಿತು. ಮೊದಲನೆಯ ನಿಮಿಷದಲ್ಲೇ ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ನಾಗಶ್ರೀ ಕೇಳಿದ್ದು ಒಂಬತ್ತನೆಯ ನಿಮಿಷದಲ್ಲಿ.

ದೇವರಾಜು ಅವಳ ಒಡಹುಟ್ಟಿದ ಅಣ್ಣ. ಮಳವಳ್ಳಿಗೆ ಹತ್ತಿರದ ಊರಿನಲ್ಲಿ ಅವ್ವ ಸೋಮಮ್ಮನನ್ನೂ ಹೆಂಡತಿ ಪ್ರಿಯಾಂಕಳನ್ನೂ ಕಟ್ಟಿಕೊಂಡು ಇದ್ದಾನೆ. ಊರು ತಗ್ಗಿನಲ್ಲಿರುವುದರಿಂದ ಮನೆಯೊಳಗೆ ಫೋನಿಗೆ ಟವರ್ ಸಿಗುವುದಿಲ್ಲ. ಮಾತಾಡಬೇಕೆಂದರೆ ಊರ ಮುಂದಿನ ರಸ್ತೆಗೆ ಬರಬೇಕು, ಇಲ್ಲವೇ ಕಂಪ್ಯೂಟರಿನ ಆಟಕ್ಕೆಂದು ಹಾಕಿಸಿದ ಇಂಟರ್ನೆಟ್ಟಿನ ಡಬ್ಬಿಯನ್ನು ನಂಬಬೇಕು. ಕರೆಂಟು ಹೋದರೆ ಆ ಡಬ್ಬಿ ಕಣ್ಣು ಮುಚ್ಚುತ್ತದೆ, ಅದರ ಜೊತೆಗೆ ಕರೆಯೂ ಕಡಿದುಹೋಗುತ್ತದೆ.

ಮೂವತ್ತೆಂಟು ವರ್ಷದ ಗಂಡಸಿಗೆ ಕಂಪ್ಯೂಟರಿನ ಆಟ ಏನು ಎಂದು ಪ್ರಿಯಾಂಕ ಕೇಳದ ದಿನವಿಲ್ಲ. ದೇವರಾಜು ಬಸ್ಸಿನ ಕಂಡಕ್ಟರು. ಡ್ರೈವರ್ ಆಗುತ್ತೇನೆಂದು ಹೊರಟು ಕಂಡಕ್ಟರ್ ಆದವನು. ಹದಿನಾಲ್ಕು ವರ್ಷ ಸೀಟಿ ಊದಿದ ಮೇಲೂ ಅವನ ಕೈ ಸ್ಟೇರಿಂಗಿಗೇ ತುಡಿಯುತ್ತದೆ. ಹಾಗಾಗಿ ರಜೆಯ ದಿನ ಮನೆಯಲ್ಲಿ ಕೂತು, ಪರದೆಯ ಮೇಲೆ ಘಟ್ಟದ ರಸ್ತೆಯಲ್ಲಿ ಬಸ್ಸು ಓಡಿಸುತ್ತಾನೆ. ಆ ಕಂಪ್ಯೂಟರನ್ನು ಅವನೇ ಜೋಡಿಸಿದ್ದು. ಮದ್ದೂರಿನಲ್ಲಿ ಬಾಗಿಲು ಹಾಕಿದ ಒಂದು ಸೈಬರ್ ಸೆಂಟರಿನಿಂದ ಒಳಗಿನ ಸಾಮಾನು ಬಂತು, ಪ್ರಿಯಾಂಕಳ ತಮ್ಮನ ಮನೆಯಿಂದ ಮಾನಿಟರ್ ಬಂತು. ಪೆಟ್ಟಿಗೆಯ ಒಂದು ಪಕ್ಕದ ಮುಚ್ಚಳ ಕಳೆದುಹೋಗಿತ್ತು. ಅದಕ್ಕೆ ಬಸ್ಸಿನ ಮುಂದೆ ಸಿಕ್ಕಿಸುವ ಹಳೇ ತಗಡಿನ ಬೋರ್ಡನ್ನು ಕತ್ತರಿಸಿ ಸ್ಕ್ರೂ ಹೊಡೆದಿದ್ದ. ಅವನ ಕಂಪ್ಯೂಟರಿನ ಪಕ್ಕೆಯ ಮೇಲೆ ಈಗಲೂ 'ಮದ್ದೂರು – ಮಳವಳ್ಳಿ' ಎಂದು ಬರೆದಿದೆ.

"ಇನ್ನೇನಣ್ಣ ರೋಗ ಅದಕ್ಕೆ? ಒಸ ಗ್ರಾಫಿಕ್ಸ್ ಕಾರ್ಡು ಆಕಾಯ್ತು, ಒಸ ಎಸ್‌ಎಂಪಿಎಸ್ ಆಕಾಯ್ತು… ಹಾಂ… ಹಾಂ… ಆಡ್ತಾ ಇದ್ದಂಗೇ ಆಫಾಗೋಯ್ತದಾ? … ಪೂರ್ತಿ ಆಫಾ, ಇಲ್ಲ ಆಫಾಗಿ ತಿರ್ಗ ಅದೇ ಆನಾಯ್ತದಾ? … ಯಾವಾಗ? … ಘಟ್ಟ ಅತ್ತಿಸುವಾಗ. ಅಂದ್ರೆ ಚಿತ್ರ ಬಲು ಚೆಂದಾಗಿ ಕಾಣ್ಲಿ ಅಂತ ಎಲ್ಲಾನೂ ಮೇಲಕ್ಕೆ ಇಟ್ಟಾಗ ಮಾತ್ರ, ಅಲ್ವಾ? … ಕೆಳಗೆ ಇಟ್ರೆ ಆಫಾಗಕಿಲ್ಲ. ಸರಿ."

ಎರಡು ವಾರದ ಕೆಳಗೆ ಆ ಎರಡೂ ಸಾಮಾನನ್ನು ಆರಿಸಿ ಬಸ್ಸಿನಲ್ಲಿ ಕಳಿಸಿದ್ದವಳು ಅವಳೇ. ಚಿತ್ರ ಬಿಡಿಸುವ ಹೊಸ ಕಾರ್ಡು ಹೊಟ್ಟೆಬಾಕ, ತುಂಬ ಕರೆಂಟು ಕುಡಿಯುತ್ತದೆ. ಅದಕ್ಕೇ ಗೋಡೆಯ ಕರೆಂಟನ್ನು ಇಳಿಸಿ ಒಳಕ್ಕೆ ಹಂಚುವ ಆ ಎಸ್‌ಎಂಪಿಎಸ್ ಪೆಟ್ಟಿಗೆಯನ್ನೂ ದೊಡ್ಡದೇ ನೋಡಿ ಕಳಿಸಿದ್ದಳು. ನಮ್ಮೂರಿನ ಕರೆಂಟು ನೂರು ವೋಲ್ಟಿಗೆ ಇಳಿದರೂ ಇದು ಜಗ್ಗುವುದಿಲ್ಲ ಕಣಣ್ಣ ಎಂದು ಹೊಗಳಿಯೂ ಇದ್ದಳು. ಜೊತೆಗೆ ಒಂದು ಮಾತು ಹೇಳಿದ್ದಳು: ಮೂರು ಪಿನ್ನಿನ ಪ್ಲಗ್ಗು ಬರುತ್ತದೆ, ಹಳೆಯದರ ಹಾಗೆ ದಪ್ಪ ಪಿನ್ನು ಮುರಿದು ತುರುಕಬೇಡ, ಅರ್ತು ಕೊಡಲೇಬೇಕು, ಸೋರಿದ ಕರೆಂಟು ನೆಲಕ್ಕಿಳಿಯುವ ದಾರಿ ಅದು.

"ಕಾರ್ಡಿಗೆ ಓಗೋ ವೈರು ಟಕ್ ಅಂತ ಕೂತದಾ? … ಅಲ್ಲಾಡ್ಸಿ ನೋಡ್ದಾ? … ಫ್ಯಾನು ತಿರುಗ್ತಾವಾ, ಎರಡೂ? … ಧೂಳು? … ಧೂಳು ಒಡೆದೆ ಅಂತೀಯಲ್ಲ, ಯಾವುದ್ರಲ್ಲಿ? … ಸೈಕಲ್ ಪಂಪಿನಲ್ಲಾ? ಒಳ್ಳೇ ಮನುಸ ಕಣಣ್ಣ ನೀನು. … ಬುಡು, ಕೆಟ್ಟಿಲ್ಲ ಅಂದ್ಮೇಲೆ ನಡೀತದೆ. … ಏನು? ಬೋರ್ಡು ಮುಟ್ಟುದ್ರೆ ಜುಮ್ ಅಂತದಾ? ಆ ಮದ್ದೂರು ಮಳವಳ್ಳಿ ಬೋರ್ಡಾ?"

ನಾಗಶ್ರೀ ನಕ್ಕಳು. ತಗಡಿನ ಪೆಟ್ಟಿಗೆ ಬೆರಳಿಗೆ ಜುಮ್ ಎನ್ನಿಸುವುದು ಅವಳ ಕಸುಬಿನಲ್ಲಿ ದಿನ ಬೆಳಗಾದರೆ ಕೇಳುವ ದೂರು. ಹತ್ತರಲ್ಲಿ ಒಂಬತ್ತು ಮನೆಯಲ್ಲಿ ಅರ್ತಿನ ತಂತಿಯೇ ಇರುವುದಿಲ್ಲ.

"ಅರ್ತು ಕೊಟ್ಟಿದ್ದೀಯಾ ಇಲ್ವಾ, ಮೊದ್ಲು ಅದೇಳು. … ಕೊಟ್ಟಿದ್ದೀಯೆ. … ನೀನೇ ತಂತಿ ಎಳೆದ್ಯಾ? … ಒಳ್ಳೇದಾಯ್ತು, ಒಳ್ಳೇದಾಯ್ತು ಬುಡು. ಅಂಗಾರೆ ಎದ್ರಿಕೊಬೇಡ, ಸಣ್ಣಕೆ ಜುಮ್ ಅಂದ್ರೆ ಏನಾಗಕಿಲ್ಲ."

ಅರ್ತು ಕೊಟ್ಟೆ ಎಂದ ಮೇಲೆ ಎಲ್ಲಿಗೆ ಕೊಟ್ಟೆ ಎಂದು ಕೇಳಬೇಕಿತ್ತು. ಗಿರಾಕಿಯಾಗಿದ್ದರೆ ಕೇಳುತ್ತಿದ್ದಳು. ಅಣ್ಣ ಎಂಬ ಸಲಿಗೆಗೆ ಕೇಳಲಿಲ್ಲ. ಅಷ್ಟರಲ್ಲಿ ಫೋನಿನ ಆ ಬದಿಯಿಂದ, ದೂರದಿಂದ, ಒಂದು ಹೆಂಗಸಿನ ದನಿ ಕೇಳಿಸಿತು.

"ಅದ್ಯಾರು, ಅವ್ವನಾ? … ಏನಂತೆ ಅವ್ಳುದು? … ನಲ್ಲಿ ಕಚ್ತದಂತಾ? ಹಲ್ಲಿಲ್ದ ನಲ್ಲಿ ಎಂಗೆ ಕಚ್ತದೆ ಕೇಳು. … ನೆನ್ನೆಯಿಂದ್ಲಾ? … ಸೆರಗು ಸುತ್ಕಂಡು ತಿರುಗಿಸ್ತಾವ್ಳಾ? ಅಯ್ಯೋ ಪಾಪ. ಒಳಗೆ ವಾಸರ್ ಸವೆದಿರ್ತದೆ ಕಣಣ್ಣ, ಬಿಗಿಯಾಗಿ ಕೈಗೆ ಒತ್ತಿರ್ತದೆ. … ಎಮ್ಮೇನಾ? ಎಮ್ಮೆಗೇನಂತೆ? … ತೊಟ್ಟಿಗೆ ಬಾಯಾಕಿ ಸರಕ್ ಅಂತ ಎಳ್ಕತದಾ? … ನೆನ್ನೆಯಿಂದ ನೀರೇ ಕುಡ್ದಿಲ್ವಾ ಅದು?"

ಅಡುಗೆಮನೆಯ ಹಿಂದೆ, ಬೀದಿಯ ನೀರು ತರುವ ಕಬ್ಬಿಣದ ಪೈಪು ಗೋಡೆಗುಂಟ ಹಾದು, ಹಿತ್ತಿಲಿನಲ್ಲಿ ಎಮ್ಮೆಯ ಕಲ್ಲುತೊಟ್ಟಿಯ ಮೇಲೊಂದು ನಲ್ಲಿ ಬಿಟ್ಟು, ಅಲ್ಲಿಂದ ಬಚ್ಚಲಮನೆಗೆ ಹೋಗುತ್ತದೆ. ಬಚ್ಚಲಿನಲ್ಲಿ ಹಂಡೆಯ ಪಕ್ಕಕ್ಕೆ ಹಿತ್ತಾಳೆಯ ನಲ್ಲಿ. ಅದನ್ನು ತಿರುಗಿಸಿಯೇ ನಾಗಶ್ರೀ ಬೆಳೆದವಳು. ಎಮ್ಮೆ ನೀರು ಕುಡಿಯದ ಮಾತು ಅವಳ ಕಿವಿಗೆ ಬಿತ್ತು, ಆದರೆ ತಲೆ ಕಂಪ್ಯೂಟರಿನೊಳಗೇ ಇತ್ತು.

"ಬಿಸ್ಲು ನೋಡಣ್ಣ ಎಂಗೆ ಒಡೀತದೆ, ತೊಟ್ಟಿ ನೀರು ಕಾದಿರ್ತದೆ, ಅದುಕ್ಕೇ ಎಳ್ಕಂಡದೆ. ಬುಡು. … ಅವ್ವನಿಗೆ ಕೊಡು ಫೋನ… ಅವ್ವೋ. ನಾನು ಕಣವ್ವ, ನಾಗಿ. … ಉಂಡೆ ಕಣವ್ವ. … ದಪ್ಪಾನೂ ಆಗಿಲ್ಲ ಸಣ್ಣಾನೂ ಆಗಿಲ್ಲ. … ನೋಡ್ತೀನವ್ವ, ಬರೋ ವಾರ ಬಂದು ನಾನೇ ಆ ನಲ್ಲಿ ಬಿಚ್ಚಿ ನೋಡ್ತೀನಿ. … ವಂದನೆಗೆ ಎಷ್ಟೊತ್ಗೆ ಓಗ್ಬೇಕು? … ಅನ್ನೊಂದಕ್ಕಾ? ಇನ್ನೂ ತಲೆಗೆ ನೀರೂ ಉಯ್ಕಂಡಿಲ್ವಾ ಅಂಗಾರೆ? … ಓಗು, ಓಗು, ಮಾತು ಆಮೇಲೆ ಆಡನ. ಹಂಡೆ ನೀರು ಆರೋಯ್ತದೆ, ಮೊದ್ಲು ಸ್ನಾನ ಮಾಡೋಗು."

ಭಾನುವಾರ ಕೇರಿಯ ಭವನದಲ್ಲಿ ಬುದ್ಧವಂದನೆ. ಸೋಮಮ್ಮ ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿಟ್ಟ ಬಿಳಿ ಸೀರೆ ಉಟ್ಟು, ಎಲ್ಲರಿಗಿಂತ ಮೊದಲು ಹೋಗಿ ಮುಂದೆ ಕೂರುವವಳು. ಅವ್ವನನ್ನು ಬಚ್ಚಲಿಗೆ ಕಳಿಸಿದ ಸಮಾಧಾನದಲ್ಲಿ ನಾಗಶ್ರೀ ಅಂಗಡಿಯ ಕುರ್ಚಿಯಲ್ಲಿ ಕೂತಳು.

"ಹಾಂ ಅಣ್ಣ, ಈಗ ನಾನೇಳಿದಂಗೆ ಮಾಡು. ನಾನು ಒಂದು ಟೆಸ್ಟು ಆಕ್ಕೊಟ್ಟಿದ್ನಲ್ಲ, ಉಂಗುರ ತಿರುಗೋದು… ಹಾಂ, ಅದೇ. ತೆಗಿ ಅದ. … ಎಲ್ಲಾಕ್ಕಿಂತ ಮೇಲಿಂದು ಬ್ಯಾಡ, ಅದುಕ್ಕಿಂತ ಒಂದು ಮೆಟ್ಲು ಕೆಳಗೆ ಇಡು. … ಆನ್ ಮಾಡು. … ಫ್ಯಾನು ಜೋರಾಯ್ತಲ್ಲ, ನಂಗೂ ಕೇಳ್ತದೆ. … ಆಫಾಗ್ಲಿಲ್ವಾ? … ತಡ್ಕಂಡದಲ್ಲ, ಭೇಷ್. ನಿಲ್ಲಿಸ್ಬೇಡ. ಅಂಗೇ ಓಡ್ಲಿ, ಒಂದೈದು ನಿಮ್ಸ ಓಡ್ಲಿ. ಎಷ್ಟು ಕಾಯ್ತದೋ ನೋಡನ."

ಕಾರ್ಡಿಗೆ ಕೊಡಬಹುದಾದ ಹೊರೆಯನ್ನೆಲ್ಲ ಒಟ್ಟಿಗೆ ಕೊಟ್ಟು, ಅದು ಎಲ್ಲಿ ಸೋಲುತ್ತದೆಂದು ನೋಡುವ ಪರೀಕ್ಷೆ ಅದು. ಹೊರೆ ಹೆಚ್ಚಿದಷ್ಟೂ ಗೋಡೆಯಿಂದ ಕರೆಂಟು ಹೆಚ್ಚು ಹರಿಯುತ್ತದೆ. ಫೋನಿನಲ್ಲಿ ಫ್ಯಾನಿನ ಸದ್ದು ಏರುತ್ತ ಹೋಯಿತು. ಕಂಪ್ಯೂಟರ್ ಇರುವ ಕೋಣೆಗೂ ಬಚ್ಚಲಿಗೂ ನಡುವೆ ಇರುವುದು ಒಂದೇ ಗೋಡೆ, ಹಾಗಾಗಿ ಫ್ಯಾನಿನ ಆಚೆಗೆ ಚೊಂಬು ಹಂಡೆಗೆ ತಗಲುವ ಸದ್ದೂ, ನೀರು ಕಲ್ಲಿನ ಮೇಲೆ ಬೀಳುವ ಸದ್ದೂ ಕೇಳಿಸುತ್ತಿದ್ದವು. ಒಮ್ಮೆ ಚೊಂಬು ಠಣ್ ಎಂದು ಜಾರಿ ಬಿತ್ತು. ಅದರ ಹಿಂದೆಯೇ ಅವ್ವನ ಬೈಗುಳ ಬಂತು.

"ಚೊಂಬು ಬೀಳಿಸ್ಕಂಡು ಚೊಂಬಿಗೇ ಬಯ್ತಾವ್ಳಲ್ಲಣ್ಣ. … ಉಂ, ಮೊದ್ಲಿಂದ್ಲೂ ಅಂಗೇ ಅಲ್ವಾ ಅವ್ಳು. ಸೂಜಿ ಬಿದ್ರೂ ಅದ್ರ ವಂಸಾನೇ ಜಾಲಾಡ್ತಾಳೆ. … ಕಾವು ಎಷ್ಟು ತೋರಿಸ್ತದೆ ಈಗ? … ಅರವತ್ತೆಂಟಾ. ಅದೇನೂ ಅಲ್ಲ. … ಪ್ರೊಸೆಸರ್ರು? … ಅದೂ ತಣ್ಣಗದೆ. ಅಂಗಾರೆ ಕಾದು ಆಫಾಯ್ತಿಲ್ಲ ಅದು."

ನಾಗಶ್ರೀ ತುಟಿ ಕಚ್ಚಿಕೊಂಡು ಯೋಚಿಸಿದಳು. ಕಾರ್ಡು ಸರಿಯಾಗಿದೆ, ಎಸ್‌ಎಂಪಿಎಸ್ ಹೊಸದು, ಬಿಸಿಯೂ ಇಲ್ಲ. ಒಳಗೆಲ್ಲ ಸರಿಯಿದ್ದು ಯಂತ್ರ ಸೋಲುತ್ತದೆ ಎಂದರೆ ಹೊರಗಿನಿಂದ ಬರುವುದೇ ಸಾಲದು.

"ಅಣ್ಣ, ತಲೆ ಮೇಲೆತ್ತಿ ಲೈಟ್ ನೋಡು. … ಎಂಗುರೀತದೆ? … ಮಂಕಾಗಿ ಉರೀತದಾ? … ಟೆಸ್ಟು ಆನ್ ಮಾಡಕ್ಕೆ ಮುಂಚೆ ಸರಿಯಾಗಿತ್ತಾ? … ಆನ್ ಮಾಡ್ದಾಗಿಂದ ಇಂಗಾ? … ಪಕ್ಕದ ಮಾಯಮ್ಮತ್ತೆ ಮನೇಲಿ? ಕಿಟಕೀಲಿ ನೋಡು, ಅವ್ರ ಪಡಸಾಲೆ ಲೈಟು ಕಾಣ್ತದಲ್ಲ. … ಅಲ್ಲಿ ಬೆಳ್ಳಗೆ ಉರೀತದಾ?"

ಪಕ್ಕದ ಮನೆಯಲ್ಲಿ ಬೆಳ್ಳಗೆ ಉರಿದು ತಮ್ಮ ಮನೆಯಲ್ಲಿ ಮಾತ್ರ ಮಂಕಾಗಿದೆ ಎಂದರೆ ತೊಂದರೆ ಕಂಬದಿಂದ ಈಚೆಗೆ, ಮನೆಯ ತಂತಿಯಲ್ಲಿಯೇ ಇದೆ. ಲೈಟುಗಳೆಲ್ಲ ಬಾಡುವಾಗಲೂ ಆ ಕಂಪ್ಯೂಟರ್ ಓಡುತ್ತಿದೆ, ಅವಳೇ ಹೊಗಳಿ ಕಳಿಸಿದ ಪೆಟ್ಟಿಗೆಯ ದೆಸೆಯಿಂದ. ಹಳೇ ಪೆಟ್ಟಿಗೆಯಾಗಿದ್ದರೆ ಎಂದೋ ಸುಟ್ಟು, ಏನೋ ಆಗಿದೆ ಎಂದು ಮನೆಯವರಿಗೆ ತಿಳಿಸಿರುತ್ತಿತ್ತು. ಗೋಡೆಯಾಚೆ ಅವ್ವ ಇನ್ನೊಂದು ಚೊಂಬು ನೀರು ಸುರಿದುಕೊಂಡಳು.

"ಅಣ್ಣ, ಕರೆಂಟಿನ ತಂಟೆ ಏನಾರಾ ಆಗಿತ್ತಾ ಮನೇಲಿ? … ಯಾವತ್ತು? … ಸುಕ್ರವಾರ ಗಾಳಿ ಬೀಸ್ತಲ್ಲ, ಆವತ್ತಾ? … ನ್ಯೂಟ್ರಲ್ ತುಂಡಾಯ್ತಾ? ಕಂಬದಿಂದ ನಮ್ಮನೆಗೆ ಬರೋದಾ? … ಲೈನ್‌ಮನ್ನಿಗೆ ಏಳಿದ್ದೀಯಾ? … ಸೋಮವಾರ ಬತ್ತೀನಿ ಅಂದ್ನಾ. … ಅಲ್ಲಣ್ಣ, ನ್ಯೂಟ್ರಲ್ ಇಲ್ಲ ಅಂದ್ಮೇಲೆ ಮನೇಲಿ ಲೈಟೇ ಉರಿಬಾರದಲ್ಲ. ಎಂಗೆ ಉರೀತಾವೆ ಮತ್ತೆ?"

ಉತ್ತರ ಬಂತು. ಕೇಳಿಸಿಕೊಂಡು, ನಾಗಶ್ರೀಗೆ ಮೊದಲು ಬಂದದ್ದು ನಗುವೇ.

"ಅಪ್ಪನ ಯಾಪಾರವಾ?"

ಅಪ್ಪ ಮರಿಸಿದ್ದಯ್ಯ ಊರಿನ ನೀರಗಂಟಿಯಾಗಿದ್ದ. ನಾಲೆಯ ನೀರನ್ನು ಗದ್ದೆಯಿಂದ ಗದ್ದೆಗೆ ತಿರುಗಿಸುವ ಕೆಲಸ, ಕರೆಂಟಿನ ವಿದ್ಯೆಯನ್ನು ಯಾವ ಶಾಲೆಯಲ್ಲೂ ಕಲಿತವನಲ್ಲ. ಕರೆಂಟು ಒಂದು ತಂತಿಯಲ್ಲಿ ಬಂದು ಇನ್ನೊಂದರಲ್ಲಿ ವಾಪಸ್ಸು ಹೋಗಬೇಕು, ವಾಪಸ್ಸು ಹೋಗುವ ನ್ಯೂಟ್ರಲ್ ತಂತಿ ತುಂಡಾದರೆ ದೀಪ ಆರುತ್ತದೆ ಎಂಬುದು ಮಾತ್ರ ಅವನಿಗೆ ಗೊತ್ತಿತ್ತು. ಹಾಗೆ ಆದಾಗ ಲೈನ್‌ಮನ್ ಬರುವ ತನಕ ಕಾಯುವ ಕೇರಿಯಲ್ಲ ಅದು. ಹಿತ್ತಿಲಿನಾಚೆಯ ಒದ್ದೆ ನೆಲಕ್ಕೆ ಕಬ್ಬಿಣದ ಸಲಾಕೆ ಹೊಡೆದು, ಅದಕ್ಕೆ ತಂತಿ ಕಟ್ಟಿ, ಕರೆಂಟನ್ನು ನೆಲದೊಳಗೆ ಇಳಿಸಿಬಿಡುವುದು. ಅರ್ತು ಕೊಡುವುದು ಎಂದರೆ ಕೇರಿಯಲ್ಲಿ ಇದೇ. ನಾಗಶ್ರೀ ಎಸ್ಸೆಸ್ಸೆಲ್ಸಿ ಓದುವಾಗ ಹದಿನೆಂಟು ದಿನ ಹಾಗೇ ದೀಪ ಉರಿದಿತ್ತು. ಸಂಜೆ ಹೊತ್ತು ಸಲಾಕೆಯ ಬುಡಕ್ಕೆ ಒಂದು ಹಿಡಿ ಉಪ್ಪು ಹಾಕಿ, ಒಂದು ಚೊಂಬು ನೀರು ಸುರಿಯುವುದು ಅವಳ ಪಾಲಿನ ಕೆಲಸ. ಸುರಿದ ಕೂಡಲೇ ಒಳಗಿನ ಬಲ್ಬು ಬೆಳ್ಳಗಾಗುತ್ತಿತ್ತು, ಅಪ್ಪ ಮೀಸೆಯಲ್ಲಿ ನಗುತ್ತಿದ್ದ. ಒಂದು ಬಲ್ಬು, ಒಂದು ಸಲಾಕೆ, ಅದೂ ಮನೆಯಿಂದ ಹತ್ತು ಮಾರು ದೂರ. ಯಾರಿಗೂ ಏನೂ ಆಗಿರಲಿಲ್ಲ.

"ಮರ್ತಿಲ್ಲ ನೋಡು ನೀನು. … ಉಪ್ಪು ಆಕ್ದಾ? … ಸಲಾಕೆ ಎಲ್ಲಿ ಒಡ್ದಿದ್ದೀಯೆ ಅಣ್ಣ? ಅಪ್ಪ ಒಡೀತಿದ್ದ ಜಾಗ್ದಲ್ಲೇನಾ? … ಏನು? … ಸಲಾಕೆ ಒಡೀನೇ ಇಲ್ವಾ? … ಮತ್ತೆ ಎಲ್ಲಿಗೆ ಕಟ್ಟಿದ್ದೀಯೆ? … ನಾನಾ? ನಾನೇನು ಏಳ್ದೆ? … ಅರ್ತು ಕೊಡು ಅಂದೆ. ಹೂಂ, ಅಂದೆ. ಕಂಪ್ಯೂಟರಿಗೆ ಕೊಡು ಅಂದೆ. … ಅದು ಆಗ್ಲೇ ಇತ್ತಲ್ಲ ಅಂತ ನ್ಯೂಟ್ರಲ್ಲೂ ಅದುಕ್ಕೇ ಸೇರಿಸ್ಬುಟ್ಯಾ? … ಅಣ್ಣ, ಅದು ಅಂದ್ರೆ ಯಾವ್ದು? ಎಲ್ಲಿಗೆ ಕೊಟ್ಟಿದ್ದೀಯೆ ಅರ್ತ?"

ಇದೇ ಆ ಪ್ರಶ್ನೆ.

"ಪೈಪಿಗಾ."

ಅಂಗಡಿಯ ಮುಂದೆ ಒಂದು ಆಟೋ ಹಾರ್ನ್ ಹೊಡೆಯುತ್ತಿತ್ತು. ನಾಗಶ್ರೀ ಎದ್ದು ನಿಂತಳು. ಮೊಣಕಾಲಿಗೆ ತಗಲಿ ಕುರ್ಚಿ ಹಿಂದಕ್ಕೆ ಬಿತ್ತು.

"ನೀರಿನ ಪೈಪಿಗಾ? ನಲ್ಲಿ ಪೈಪಿಗಾ ಅಣ್ಣ? … ಬಚ್ಚಲಿಗೆ ಓಯ್ತದಲ್ಲ, ಅದುಕ್ಕಾ? … ಇಡೀ ಬೀದಿ ನೆಲದೊಳಗೆ ಓಡ್ತದೆ ಅಂತ ಕಟ್ಟುದ್ಯಾ? ಅಣ್ಣ, ಓದ್ವರ್ಸ ಬೀದಿ ಅಗೆದು ಕರೀ ಪ್ಲಾಸ್ಟಿಕ್ ಪೈಪು ಆಕುದ್ರು. ಅಳೇ ಕಬ್ಬಿಣ ಕಿತ್ತಾಕಿ ಓದ್ರು. ನಮ್ಮ ಗ್ವಾಡೇಲಿ ಉಳಿದಿರೋದು ನಾಕು ಮಾರು ಕಬ್ಬಿಣ ಅಷ್ಟೇಯ. ಅದು ಎಲ್ಲಿಗೆ ಓಯ್ತದೆ ಕರೆಂಟ ತಕ್ಕಂಡು?"

ಎಲ್ಲಿಗೂ ಹೋಗುವುದಿಲ್ಲ ಎಂಬುದು ಅವಳಿಗೆ ಹೇಳುವಾಗಲೇ ಹೊಳೆಯಿತು. ಒಂದಷ್ಟು ನೆಲಕ್ಕೆ ಇಂಗಿ, ಉಳಿದದ್ದು ಆ ನಾಲ್ಕು ಮಾರು ಕಬ್ಬಿಣದಲ್ಲೇ ಕೂತು, ದಾರಿ ಹುಡುಕುತ್ತಿರುತ್ತದೆ. ತೊಟ್ಟಿಗೆ ಬಾಯಿ ಹಾಕಿದ ಎಮ್ಮೆಗೆ ಅದು ತಿಳಿಯಿತು. ಸೆರಗು ಸುತ್ತಿಕೊಂಡ ಅವ್ವನಿಗೂ ತಿಳಿಯಿತು. ಹತ್ತು ವರ್ಷದಿಂದ ಇದೇ ಕಸುಬು ಮಾಡುವ ಮಗಳು ಮಾತ್ರ ವಾಸರ್ ಸವೆದಿದೆ ಎಂದು ನಕ್ಕಳು. ಮತ್ತು ಕಂಪ್ಯೂಟರ್ ಸುಮ್ಮನಿದ್ದಾಗ ಬರೀ ಜುಮ್ ಎನ್ನಿಸುವ ಕರೆಂಟು, ಈಗ, ಅವಳೇ ಹೇಳಿ ಹಾಕಿಸಿದ ಪರೀಕ್ಷೆಯ ಹೊರೆಯಲ್ಲಿ, ನಿಲ್ಲಿಸಬೇಡ ಎಂದು ಅವಳೇ ಹೇಳಿದ್ದರಿಂದ, ಹಲವು ಪಟ್ಟು ಹೆಚ್ಚಾಗಿ ಆ ನಲ್ಲಿಗೆ ನುಗ್ಗುತ್ತಿದೆ.

"ಅವ್ವ ಎಲ್ಲವ್ಳೆ? … ಅಣ್ಣ, ಅವ್ವ ಇನ್ನೂ ಬಚ್ಚಲಲ್ಲೇ ಅವ್ಳಾ?"

ಕೇಳಬೇಕಾಗಿಯೇ ಇರಲಿಲ್ಲ. ಗೋಡೆಯಾಚೆ ಚೊಂಬು ಹಂಡೆಯ ತಳಕ್ಕೆ ತಗಲುವ ಸದ್ದು ಬಂತು. ಅವ್ವ ಸ್ನಾನ ಮಾಡುವ ರೀತಿ ನಾಗಶ್ರೀಗೆ ಗೊತ್ತು. ಹಂಡೆ ಅರ್ಧಕ್ಕಿಂತ ಇಳಿಯುವವರೆಗೆ ಸುಡುನೀರನ್ನೇ ಸುರಿದುಕೊಳ್ಳುತ್ತಾಳೆ, ಆಮೇಲೆ ಕೂತಲ್ಲಿಂದಲೇ ಕೈ ಚಾಚಿ ನಲ್ಲಿ ತಿರುಗಿಸಿ ತಣ್ಣೀರು ಬೆರೆಸುತ್ತಾಳೆ. ಈಗ ಸುತ್ತಿಕೊಳ್ಳುವುದಕ್ಕೆ ಒಣ ಸೆರಗಿಲ್ಲ. ಕೆಳಗೆ ಒದ್ದೆ ಕಲ್ಲು, ಮೈ ಎಲ್ಲ ನೀರು.

"ಮೇನ್ ಆಫ್ ಮಾಡು. … ಟೆಸ್ಟು ಬುಡು, ಕಂಪ್ಯೂಟರ್ ಅಂಗೇ ಬುಡು, ಅದ ಮುಟ್ಬೇಡ, ಬೋರ್ಡು ಮುಟ್ಬೇಡ. ಮೇನ್ ಸ್ವಿಚ್ಚು, ಪಡಸಾಲೇಲಿರೋ ಮೇನ್ ಸ್ವಿಚ್ಚು ಕೆಳಕ್ಕೆ ಎಳಿ. … ಸೇವ್ ಮಾಡೋದೇನೂ ಬ್ಯಾಡ ಕಣಣ್ಣ, ಉರ್ದೋಗ್ಲಿ ಅದು, ನಾನು ಒಸದು ತಂದ್ಕೊಡ್ತೀನಿ. ಎದ್ದೇಳು."

"ಎದ್ಯಾ? … ಕಾಲಿಗೆ ಚಪ್ಲಿ ಆಕ್ಕೊ. … ರಬ್ಬರ್ ಚಪ್ಲಿ. … ಅಲ್ಲ, ಬಚ್ಚಲ ಕಡೀಕೆ ಓಗ್ಬೇಡ. ಅಣ್ಣ, ನಾನೇಳೋದು ಕೇಳು, ಅವ್ವನ ಕೈಯ್ಯ ಇಡ್ಕಂಡು ಎಳೆಯಕ್ಕೆ ಓಗ್ಬೇಡ, ಮೊದ್ಲು ಮೇನು. ಕೂಗ್ತಾ ಓಡು. ನಲ್ಲಿ ಮುಟ್ಬ್ಯಾಡ ಕಣವ್ವ ಅಂತ ಕೂಗು. … ಜೋರಾಗಿ ಕೂಗು."

ದೇವರಾಜು ಕೂಗಿದ. ಆ ಕೂಗು ಫೋನಿನಲ್ಲಿ ಒಡೆದು ಅಂಗಡಿಯ ಗೋಡೆಗೆಲ್ಲ ತಾಕಿತು. ಹಿಂದೆಯೇ ನೀರು ಸುರಿಯುವ ಸದ್ದು. ತಲೆಯ ಮೇಲೆ ನೀರು ಬೀಳುತ್ತಿರುವಾಗ ಅವ್ವನಿಗೆ ಗುಡುಗಿದರೂ ಕೇಳಿಸುವುದಿಲ್ಲ, ಅದೂ ನಾಗಶ್ರೀಗೆ ಗೊತ್ತು.

"ಉತ್ರ ಕೊಟ್ಲಾ? … ಉತ್ರ ಬಂತಾ ಅಣ್ಣ? … ತಿರ್ಗ ಕೂಗು. … ಎಲ್ಲಿದ್ದೀಯೆ ನೀನು? … ಪಡಸಾಲೆಗೆ ಬಂದ್ಯಾ? … ಏನು ಅಡ್ಡ ಅದೆ? … ರಾಗಿ ಚೀಲವಾ? ದಾಟು, ಅದರ ಮೇಲೇ ಅತ್ತು. … ಸಿಕ್ತಾ ಸ್ವಿಚ್ಚು? … ಫೋನು ಕಟ್ಟಾಯ್ತದೆ, ಗೊತ್ತು, ಆಗ್ಲಿ. ಕಟ್ಟಾಗ್ಲಿ ಅಣ್ಣ. ನೀನು ಎಳಿ. ಎಳ್ದು, ರಸ್ತೆಗೆ ಓಡ್ಬಂದು ಫೋನ್ ಮಾಡು, ಅವ್ವನ ಕೈಲೇ ಮಾತಾಡ್ಸು…"

ಠಣ್ ಎಂದಿತು.

ಹಂಡೆಗೆ ತಗಲಿದ ಸದ್ದಲ್ಲ ಅದು. ಕಲ್ಲಿನ ಮೇಲೆ ಬಿದ್ದ ಚೊಂಬು ಒಂದು ಸುತ್ತು ಉರುಳಿ, ಎಲ್ಲಿಗೋ ತಗಲಿ ನಿಂತ ಸದ್ದು.

"ಅಣ್ಣ… ಅದೇನು ಬಿತ್ತು? … ಅಣ್ಣ, ಎಳ್ದಾ? … ಎಳಿ ಅಣ್ಣ, ಎಳಿ, ಎಳಿ…"

ಟುಂಯ್, ಟುಂಯ್ ಎಂದು ಎರಡು ಸಲ ಕೂಗಿ ಫೋನು ಸುಮ್ಮನಾಯಿತು.

"ಹಲೋ… ಹಲೋ… ಅಣ್ಣ…"

ಕರೆ ಕಡಿಯಿತೆಂದರೆ ಮೇನ್ ಸ್ವಿಚ್ಚು ಕೆಳಗೆ ಬಂದಿದೆ ಎಂದೇ ಅರ್ಥ. ನಾಗಶ್ರೀ ಬೇಡಿದ್ದೂ ಅದನ್ನೇ. ಪೇಸ್ಟು ಮೆತ್ತಿದ ಬೆರಳಲ್ಲೇ ಮತ್ತೆ ಒತ್ತಿದಳು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬ ಹೆಂಗಸು ಮೆಲ್ಲನೆ ಹೇಳಿದಳು. ಮನೆಯಿಂದ ಟವರ್ ಸಿಗುವ ರಸ್ತೆಗೆ ಓಡಿ ಬರಲು ಅಣ್ಣನಿಗೆ ಮೂರು ನಿಮಿಷ ಬೇಕು. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು.

ಆದರೆ ಚೊಂಬು ಬಿದ್ದದ್ದು ಕರೆ ಕಡಿಯುವುದಕ್ಕಿಂತ ಮುಂಚೆ. ಈ ಸಲ ಅವ್ವ ಅದನ್ನು ಬೈಯಲಿಲ್ಲ.